ಕ್ಯಾಮೆರಾ ಮುಂದೆ ಕಲಿಯುವವರು, ಟಿವಿ ಮುಂದೆ ಕೂತವರು

ಮೈಸೂರಿನ ಮಹಾರಾಜ ಕಾಲೇಜಿನ ಆವರಣಕ್ಕೆ ಹೊಸಬರನ್ನು ಕರೆತಂದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಇಲ್ಲಿ ಕುವೆಂಪು ಓದಿದರು, ರಾಧಾಕೃಷ್ಣನ್ ಪಾಠ ಹೇಳಿದರು. ನಾಡಿಗ ಕೃಷ್ಣಮೂರ್ತಿಯವರ ಹೆಸರು ತೆಗೆಯುವವರು ಕಡಿಮೆ. ಅಮೆರಿಕದಲ್ಲಿ ಪತ್ರಿಕೋದ್ಯಮ ಓದಿ ಬಂದ ಈ ಮೇಷ್ಟ್ರು 1951ರಲ್ಲಿ ಅದನ್ನು ಇದೇ ಕಾಲೇಜಿನಲ್ಲಿ ಒಂದು ವಿಷಯವಾಗಿ ಶುರುಮಾಡಿದರು. ಪತ್ರಿಕಾ ಕಚೇರಿಯ ಮೂಲೆಯಲ್ಲಿ ಪ್ರೂಫ್ ತಿದ್ದುತ್ತ ಕಲಿಯಬೇಕಾದ ಕಸುಬನ್ನು ಬೆಂಚಿನ ಮೇಲೆ ಕೂರಿಸಿ ಕಲಿಸುವುದೇ ಆಗ ಹಲವರಿಗೆ ನಗುವ ವಿಚಾರ. ದೇಶದಲ್ಲಿ ಟೆಲಿವಿಷನ್ ಇನ್ನೂ ಹುಟ್ಟಿರಲಿಲ್ಲ. ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದದ್ದು 1959ರಲ್ಲಿ. ಆದರೆ ರೇಡಿಯೊ ಈ ಊರಿಗೆ ಹೊಸದಲ್ಲ. ಇದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು.

ಪತ್ರಿಕೋದ್ಯಮ ವಿಭಾಗ ಮುಂದೆ ಕುಕ್ಕರಹಳ್ಳಿ ಕೆರೆಯ ಪಕ್ಕದ ಮಾನಸಗಂಗೋತ್ರಿಗೆ ಹೋಯಿತು. ಈಗ ಊರಿನ ಬೇರೆ ಕಾಲೇಜುಗಳಲ್ಲೂ ಈ ಕೋರ್ಸ್ ಇದೆ, ಸ್ಟುಡಿಯೊ ಇದೆ. ನಾನು ಒಂದು ಮಧ್ಯಾಹ್ನ ಹೊಕ್ಕದ್ದು ಅಂಥದೊಂದು ಖಾಸಗಿ ಕಾಲೇಜಿನ ಸ್ಟುಡಿಯೊ. ಹಳೆಯ ತರಗತಿಯ ಕಿಟಕಿ ಮುಚ್ಚಿ, ಗೋಡೆಗೆ ಸ್ಪಂಜು ಬಡಿದು ಮಾಡಿದ ಕೋಣೆ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಆಫ್ ಮಾಡಿದ್ದರು. ಹಿಂದೆ ಇಳಿಬಿಟ್ಟ ಹಸಿರು ಬಟ್ಟೆ, ಮುಂದೆ ಓದಬೇಕಾದ ಸಾಲುಗಳನ್ನು ಉರುಳಿಸುವ ಪ್ರಾಂಪ್ಟರ್, ಗಾಜಿನ ಆಚೆ ಪ್ಯಾನೆಲ್ ರೂಮು.

ವಿದ್ಯಾರ್ಥಿನಿಯೊಬ್ಬಳು ಹಸಿರು ದುಪಟ್ಟಾ ಹಾಕಿಕೊಂಡು ಬಂದಿದ್ದಳು. ಪ್ಯಾನೆಲ್‌ನಲ್ಲಿದ್ದ ಹುಡುಗ ಹಸಿರು ಬಟ್ಟೆಯ ಜಾಗಕ್ಕೆ ಚಾಮುಂಡಿ ಬೆಟ್ಟದ ಚಿತ್ರ ಕೂರಿಸಿದ್ದೇ ತಡ, ಮಾನಿಟರ್‌ನಲ್ಲಿ ಅವಳ ಹೆಗಲ ಮೇಲೂ ಬೆಟ್ಟ ಬಂದು ಕೂತಿತು. ಎಲ್ಲರೂ ನಕ್ಕರು. ಪಾಠ ಹೇಳದೆಯೇ ಪಾಠವಾಯಿತು. ಗೆಳತಿಯ ಹತ್ತಿರ ಕೆಂಪು ದುಪಟ್ಟಾ ಇಸಕೊಂಡು ಅವಳು ಮತ್ತೆ ಕುರ್ಚಿ ಹತ್ತಿದಳು. ಮೊದಲ ಸುದ್ದಿಯೇ ಹಾಸನದ ಹಾಲು ಒಕ್ಕೂಟದ್ದು. "ಆಸನದ ಆಲು ಒಕ್ಕೂಟ" ಎಂದಳು. ತರಗತಿಯ ಮೇಷ್ಟ್ರು ಗಾಜಿನ ಆಚೆಯಿಂದ ಟಾಕ್‌ಬ್ಯಾಕ್‌ನಲ್ಲಿ, "ಇನ್ನೊಂದ್ ಸಲ ತಾಯಿ, ಉಸಿರು ಹಾಕು" ಎಂದರು. ನಾಲ್ಕನೇ ಸಲಕ್ಕೆ ಹಾಲು ಬಂತು, ಹಾಸನ ಬರಲಿಲ್ಲ. ಅವಳ ನಂತರ ಕೂತ ಹುಡುಗ ಪ್ರಾಂಪ್ಟರ್‌ನ ಸಾಲುಗಳ ಹಿಂದೆ ಏದುಸಿರು ಬಿಡುತ್ತ ಓಡಿದ. "ಅದು ನಿನ್ನ ಜೊತೆ ಬರ್ಬೇಕು ಕಣಪ್ಪ, ಅದರ ಹಿಂದೆ ನೀನ್ಯಾಕೆ ಓಡ್ತೀಯ?"

ಆಮೇಲಿನ ಅಭ್ಯಾಸ ನನ್ನನ್ನು ಯೋಚನೆಗೆ ಹಚ್ಚಿತು. ಅರ್ಧ ಸುದ್ದಿಯಲ್ಲಿ ಪ್ರಾಂಪ್ಟರ್ ನಿಲ್ಲಿಸಿಬಿಡುತ್ತಾರೆ. "ಲಿಂಕ್ ಹೋಗಿದೆ, ಒಂದು ನಿಮಿಷ ತುಂಬಿಸು" ಎಂದು ಕಿವಿಯೊಳಗೆ ಆಜ್ಞೆ. ಕೈಯಲ್ಲಿರುವುದು ಎರಡು ಸಾಲು ಮಾಹಿತಿ: ರಿಂಗ್ ರಸ್ತೆಯಲ್ಲಿ ಲಾರಿ ಮಗುಚಿದೆ, ಟ್ರಾಫಿಕ್ ನಿಂತಿದೆ. ಹುಡುಗ ಮೊದಲ ಹದಿನೈದು ಸೆಕೆಂಡಿನಲ್ಲಿ ಅದನ್ನು ಹೇಳಿ ಮುಗಿಸಿದ. ಉಳಿದ ಮುಕ್ಕಾಲು ನಿಮಿಷಕ್ಕೆ ಲಾರಿ "ಭೀಕರವಾಗಿ" ಮಗುಚಿತು, ಜನ "ಬೆಚ್ಚಿಬಿದ್ದರು", ಅಧಿಕಾರಿಗಳು "ಕಣ್ಮುಚ್ಚಿ ಕುಳಿತರು". ಯಾರೂ ಇದನ್ನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಮನೆಯ ಟಿವಿಯೇ ಕಲಿಸಿತ್ತು. ಮೇಷ್ಟ್ರು ಅವನಿಗೆ ಒಳ್ಳೆಯ ಅಂಕ ಕೊಟ್ಟರು, ತಡವರಿಸದೆ ಮಾತಾಡಿದ್ದಕ್ಕೆ. ಚಾನೆಲ್‌ನಲ್ಲಿ ಕೆಲಸ ಸಿಗಬೇಕಾದರೆ ಈ ವಿದ್ಯೆ ಬೇಕೇ ಬೇಕು ಎಂದು ಆಮೇಲೆ ನನ್ನೊಡನೆ ಒಪ್ಪಿಕೊಂಡರು ಕೂಡ. ಸುದ್ದಿ ಇಲ್ಲದ ಹೊತ್ತಿನಲ್ಲೂ ಇಪ್ಪತ್ನಾಲ್ಕು ಗಂಟೆ ಮಾತು ನಿಲ್ಲಬಾರದಲ್ಲ!

ಅದೇ ದಿನದ ಇನ್ನೊಂದು ಕೆಲಸ, ಬೀದಿಗೆ ಹೋಗಿ ಟಿವಿ ಸುದ್ದಿಯ ಬಗ್ಗೆ ವೀಕ್ಷಕರ ಬೈಟ್, ಅಂದರೆ ಮಾತಿನ ತುಣುಕು ತರುವುದು. ನಾನೂ ಒಂದು ತಂಡದ ಹಿಂದೆ ದೇವರಾಜ ಮಾರುಕಟ್ಟೆಗೆ ಹೋದೆ. ಹೂವಿನ ಸಾಲಿನಲ್ಲಿ ಮೊಳ ಹಾಕುತ್ತಿದ್ದ ಹೆಂಗಸಿನ ಮುಂದೆ ಮೈಕ್ ಹಿಡಿದ ಹುಡುಗಿಯ ಪ್ರಶ್ನೆ: "ಅಮ್ಮ, ಟಿವಿ ನ್ಯೂಸ್ ತುಂಬಾ ಕಿರುಚಾಟ ಅಲ್ವಾ?" ಉತ್ತರವನ್ನು ತಾನೇ ಕೊಟ್ಟು, ಹೌದು ಅನ್ನಿಸಿಕೊಳ್ಳುವ ಪ್ರಶ್ನೆ. ಜೊತೆಗಿದ್ದ ಸಹಪಾಠಿಗೇ ತಪ್ಪು ಹೊಳೆದು, "ನೀವು ಏನೇನ್ ನೋಡ್ತೀರಮ್ಮ?" ಎಂದು ತಿದ್ದಿದ. ಆಕೆ ಹೂವಿನಿಂದ ಕಣ್ಣೆತ್ತಲಿಲ್ಲ.

"ಕೂತ್ಕಂಡು ನೋಡಕ್ಕೆ ಪುರುಸೊತ್ತೆಲ್ಲಿ ಮಗ? ಅಡುಗೆ ಮಾಡ್ತಾ ಕಿವಿಗೆ ಬೀಳ್ತದೆ. ಒಂದೇ ಮಾತ ಹತ್ತು ಸಲ ಯೋಳ್ತಾರೆ. ಮಗು ಕಳ್ಕಂಡ ತಾಯಿ ಮುಂದೆ ಮೈಕ್ ಹಿಡ್ದು ಏನನ್ನಿಸ್ತದೆ ಅಂತಾರಲ್ಲ, ಅವಾಗ ಆಫ್ ಮಾಡ್ಬುಡ್ತೀನಿ."

ಕಾಫಿ ಪುಡಿ ಅಂಗಡಿಯ ಮುಂದೆ ಸಿಕ್ಕ ನಿವೃತ್ತ ಹೆಡ್‌ಮಾಸ್ತರರು ಚಂದನ ವಾಹಿನಿಯ 'ಥಟ್ ಅಂತ ಹೇಳಿ'ಯನ್ನು ಹೊಗಳಿದರು. ನಾ. ಸೋಮೇಶ್ವರರು 2002ರಿಂದ ನಡೆಸುತ್ತ ಬಂದಿರುವ ಕಾರ್ಯಕ್ರಮ, ಗೆದ್ದವರಿಗೆ ಪುಸ್ತಕವೇ ಬಹುಮಾನ. "ನಿನ್ನೆ ರಾತ್ರಿ ಏನು ನೋಡಿದಿರಿ ಸರ್?" ಎಂದು ಕೇಳಿದೆ. ನಕ್ಕುಬಿಟ್ಟರು. "ಡಿಬೇಟು. ಬೈಕೊಂಡು ಪೂರ್ತಿ ನೋಡ್ದೆ." ಅವರೊಬ್ಬರದ್ದೇ ಅಲ್ಲ ಈ ಕಥೆ. ಹೊಗಳುವುದು ಒಂದನ್ನು, ನೋಡುವುದು ಇನ್ನೊಂದನ್ನು. ಚಾನೆಲ್‌ನವರು ಈ ಸಂದಿಯಲ್ಲೇ ಬದುಕುತ್ತಾರೆ.

ಅವರ ಲೆಕ್ಕಕ್ಕೆ ಸಿಗುವುದು ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರು ಮಾತ್ರ. ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಮಿಕ್ಕಿವೆ. ಮೀಟರು ಇರುವುದು 50 ಸಾವಿರ ಚಿಲ್ಲರೆ ಮನೆಗಳಲ್ಲಿ. ಗುರುವಾರ ರೇಟಿಂಗ್ ಬರುತ್ತದೆ, ನ್ಯೂಸ್‌ರೂಮಿನ ಮುಖ ಅದರಂತೆ ಅರಳುತ್ತದೆ, ಇಲ್ಲವೇ ಬಾಡುತ್ತದೆ. ಟಿಆರ್‌ಪಿ ತಿದ್ದಿದ ಆರೋಪ 2020ರಲ್ಲಿ ಮುಂಬೈಯಲ್ಲಿ ಎದ್ದಾಗ ಸುದ್ದಿ ವಾಹಿನಿಗಳ ರೇಟಿಂಗನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ, ನಾಲ್ಕು ವಾರಗಳ ಸರಾಸರಿಯಾಗಿ. ಯಾವ ಚಾನೆಲ್ ಎಷ್ಟು ನಿಮಿಷ ಓಡಿತು ಎಂದು ಮೀಟರು ಹೇಳುತ್ತದೆ. ಹೂವಿನಮ್ಮ ಯಾಕೆ ಆಫ್ ಮಾಡಿದಳೆಂದು ಹೇಳುವುದಿಲ್ಲ.

ವೀಕ್ಷಕರನ್ನು ಹೀಗೆ ಕೇಳುವ ಕೆಲಸ ನಮ್ಮಲ್ಲಿ ಆಗಲೇ ಇಲ್ಲ ಎಂದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಪ್ರಸಾರವಿತ್ತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು. ಹಳ್ಳಿಗೊಂದು ಟಿವಿ, ಸಂಜೆ ಅದರ ಮುಂದೆ ಊರಿಗೆ ಊರೇ. ಈ ಪ್ರಯೋಗದ ಸಮಾಜ ಸಂಶೋಧಕರು ಕೆಲವು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ವಾಸವಿದ್ದು, ಜನ ಏನು ನೋಡಿದರು, ಯಾವುದಕ್ಕೆ ಎದ್ದುಹೋದರು ಎಂದು ಬರೆದುಕೊಂಡರು. ಅಷ್ಟು ಹಿಂದೆಯೇ ಮಾಡಿದ ಕೆಲಸವನ್ನು ನೂರಾರು ಚಾನೆಲ್‌ಗಳ ಕಾಲದಲ್ಲಿ ಕೈಬಿಟ್ಟಿದ್ದೇವೆ. ತುಂಬಿಸುವ ವಿದ್ಯೆಗೆ ಅಂಕ ಇದೆ, ಕೇಳಿಸಿಕೊಳ್ಳುವ ವಿದ್ಯೆಗೆ ಒಂದು ಮಧ್ಯಾಹ್ನ ಇದೆ.

ಸಂಜೆ ಸ್ಟುಡಿಯೊದಲ್ಲಿ ಬೈಟ್‌ಗಳನ್ನು ಹಾಕಿ ನೋಡಿದರು. "ಒಂದೇ ಮಾತ ಹತ್ತು ಸಲ" ಎಂಬ ಮಾತು ಬಂದಾಗ ಲಾರಿ ಮಗುಚಿಸಿದ್ದ ಹುಡುಗ ತಲೆ ತುರಿಸಿಕೊಂಡ. ವೀಕ್ಷಕರು ದೂರು ಕೊಡಬೇಕೆಂದರೆ ದಾರಿ ಯಾವುದು ಎಂದು ಕೇಳಿದೆ. ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರುಕಟ್ಟೆಯಲ್ಲೂ ಗೊತ್ತಿರಲಾರದು. ಆದ್ದರಿಂದ ಇಲ್ಲೇ ಬರೆಯುತ್ತೇನೆ. ಕೇಬಲ್ ಟೆಲಿವಿಷನ್ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪ್ರಸಾರ ಸಂಹಿತೆ ಮೀರಿದ ಕಾರ್ಯಕ್ರಮದ ಬಗ್ಗೆ ಯಾರು ಬೇಕಾದರೂ ಚಾನೆಲ್‌ಗೆ ಲಿಖಿತ ದೂರು ಕೊಡಬಹುದು. ದೂರು ತಲುಪಿದೆ ಎಂದು ಅವರು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಸಮಾಧಾನವಾಗದಿದ್ದರೆ ಮತ್ತೆ 15 ದಿನದೊಳಗೆ ಆ ಚಾನೆಲ್ ಸೇರಿರುವ ಸ್ವಯಂ ನಿಯಂತ್ರಣ ಮಂಡಳಿಗೆ, ಅಲ್ಲಿಂದ ಮುಂದೆ ಕೇಂದ್ರ ಸರ್ಕಾರಕ್ಕೆ ಹೋಗಬಹುದು. ಟಿವಿ ಆಫ್ ಮಾಡಿ ಸುಮ್ಮನಾಗಬೇಡಿ. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ ಗುರುತು ಹಾಕಿಕೊಂಡು ನಾಲ್ಕು ಸಾಲು ಬರೆದು ಕಳಿಸಿ.