ಮೊಣಕಾಲಿನ ಶಸ್ತ್ರಚಿಕಿತ್ಸೆ ಮತ್ತು ಮನೆಯಂಗಳದ ಸಾಧನೆ

ಸವೆದ ಮೊಣಕಾಲಿಗೆ ಲೋಹ, ಪ್ಲಾಸ್ಟಿಕ್ಕುಗಳ ಕೃತಕ ಕೀಲನ್ನು ಜೋಡಿಸುವುದು ವೈದ್ಯರ ಕಾರ್ಯ. ಅದು ಮಣಿದು ನಡೆಯುವಂತೆ ಮಾಡುವುದು ರೋಗಿಯ ನಿತ್ಯಸಾಧನೆ. ಹುಬ್ಬಳ್ಳಿಯಂತಹ ನಗರದಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಕುಕನೂರಿಗೆ ಮರಳಿದ ಹಿರಿಯರಿಗೆ ವ್ಯಾಯಾಮ ಕಲಿಸುವ ತಜ್ಞರು ದೂರವಾಗುತ್ತಾರೆ. ನೋವಿಗಂಜಿ ಹಾಸಿಗೆ ಹಿಡಿದರೆ ತೊಡೆಯ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ.

ಈ ಕೊರತೆಯನ್ನು ಮೊಬೈಲು ಕೆಲಮಟ್ಟಿಗೆ ನೀಗಬಲ್ಲದು. ಅದು ಹೆಜ್ಜೆಗಳನ್ನೆಣಿಸುತ್ತದೆ, ವ್ಯಾಯಾಮದ ವೇಳೆಯನ್ನು ನೆನಪಿಸುತ್ತದೆ. ಆ ಲೆಕ್ಕವನ್ನು ದೂರದಿಂದಲೇ ನೋಡಿದ ತಜ್ಞರು ಗುರಿಯನ್ನು ಏರಿಸುತ್ತಾರೆ. ಬಾವು ಹೆಚ್ಚಿತೆಂದು ತಿಳಿದರೆ ಇಳಿಸುತ್ತಾರೆ. ಇಂದು ಪಡಸಾಲೆ, ನಾಳೆ ಅಂಗಳ, ಮುಂದೊಂದು ದಿನ ಮಹಾಮಾಯೆಯ ಗುಡಿ, ಹೀಗೆ ಗುರಿ ಬೆಳೆಯಬೇಕು.

ಯಂತ್ರವು ಹೆಜ್ಜೆಯನ್ನೆಣಿಸೀತು, ಮೀನಖಂಡದ ಬಾವು, ಗಾಯದ ಸೋರಿಕೆಗಳನ್ನು ಕಾಣದು. ಅವು ತೋರಿದೊಡನೆ, ಜ್ವರ ಬಂದೊಡನೆ ವೈದ್ಯರಿಗೆ ತಿಳಿಸುವುದು ಮನೆಯವರ ಹೊಣೆ. ಅಜ್ಜಿಗೆ ದಿನದ ಲೆಕ್ಕವನ್ನು ಓದಿ ಹೇಳುವ ಮೊಮ್ಮಗನಿಂದ ಶಾಲೆ ಕಲಿಸಿದ ಅಕ್ಷರವೂ ಸಾರ್ಥಕವಾದೀತು.