ಕೆಸರಿನ ಚೇಳು ಮೀನನ್ನು ಅರಿತು ಹಿಡಿಯಿರಿ



ನೆರೆ ಇಳಿದ ಮೇಲೆ ತಗ್ಗಿನಲ್ಲಿ ನಿಂತ ನೀರಿಗಿಳಿದು ಮೀನು ಹಿಡಿಯುವುದು ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಊರುಗಳಲ್ಲಿ ಹೊಸತೇನಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಕಬ್ಬಿನ ಹೊಲಗಳು ನೀರಿನಡಿ ಹೋದದ್ದು ನಿಮಗೆ ನೆನಪಿರಬಹುದು. ಇಂಥ ತಗ್ಗುಗಳ ಕೆಸರಿನಲ್ಲಿ ಕೈಯಾಡಿಸುವಾಗ ಒಮ್ಮೆಲೇ ಚೇಳು ಕಡಿದಂಥ ಉರಿ ಎದ್ದರೆ, ಅದು ಚೇಳು ಮೀನಿನ ಮುಳ್ಳಿರಬಹುದು. ಈ ಮೀನಿನ ಮುಳ್ಳು ಎಲ್ಲಿದೆ, ಉಸಿರು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅಪಾಯ ತಪ್ಪುತ್ತದೆ. ಒಳ್ಳೆಯ ಆಹಾರವೂ ಕೈಗೆ ಸಿಗುತ್ತದೆ.

ಗುರುತು ಹೇಗೆ?

ಇದರ ಶಾಸ್ತ್ರೀಯ ಹೆಸರು ಹೆಟರೊಪ್‌ನ್ಯೂಸ್ಟಿಸ್ ಫಾಸಿಲಿಸ್. ಉತ್ತರ ಮತ್ತು ಪೂರ್ವ ಭಾರತದಲ್ಲಿ ಇದನ್ನು ಸಿಂಗಿ ಎನ್ನುತ್ತಾರೆ. ಉದ್ದ ಸಾಮಾನ್ಯವಾಗಿ ಒಂದು ಅಡಿಯೊಳಗೆ. ಮೈ ನೀಳವಾಗಿ, ಹುರುಪೆಯಿಲ್ಲದೆ ನುಣುಪಾಗಿರುತ್ತದೆ, ಬಣ್ಣ ಕಂದುಗಪ್ಪು. ತಲೆ ಚಪ್ಪಟೆ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ಕತ್ತಲೆಯಲ್ಲೂ ರಾಡಿನೀರಿನಲ್ಲೂ ಇವುಗಳಿಂದಲೇ ಆಹಾರ ಹುಡುಕುತ್ತದೆ. ಬೆನ್ನಿನ ಈಜುರೆಕ್ಕೆ ಬಹಳ ಚಿಕ್ಕದು, ಅದರಲ್ಲಿ ಮುಳ್ಳಿಲ್ಲ. ಹೊಟ್ಟೆಯ ಕೆಳಗಿನ ರೆಕ್ಕೆ ಮಾತ್ರ ಬಾಲದ ಸಮೀಪದವರೆಗೆ ಉದ್ದವಾಗಿದೆ.

ವಿಷ ಇರುವುದು ಎದೆಯ ಎರಡೂ ಪಕ್ಕದ ರೆಕ್ಕೆಗಳ ಗಟ್ಟಿ ಮುಳ್ಳುಗಳಲ್ಲಿ. ಮೀನು ಬೆದರಿದಾಗ ಈ ಮುಳ್ಳುಗಳು ಸೆಟೆದು ನಿಲ್ಲುತ್ತವೆ. ಚುಚ್ಚಿದೊಡನೆ ವಿಷ ಗಾಯಕ್ಕೆ ಇಳಿಯುತ್ತದೆ.

ಸಮುದ್ರದಲ್ಲಿಯೂ ಚೇಳು ಮೀನಿನ ಒಂದು ವಂಶವಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಂಡೆಗಳ ನಡುವೆ ಕಾಣುವ ಸಿಂಹಮೀನು ಆ ವಂಶದ್ದು. ಅದರ ವಿಷಮುಳ್ಳುಗಳು ಮುಖ್ಯವಾಗಿ ಬೆನ್ನ ಮೇಲಿವೆ. ಹೆಸರು ಹೋಲಿದರೂ ನಮ್ಮ ಕೆಸರಿನ ಮೀನಿಗೂ ಅದಕ್ಕೂ ನಂಟಿಲ್ಲ.

ಕೆಟ್ಟ ನೀರಿನಲ್ಲಿ ಬದುಕುವ ಬಗೆ

ಕಿವಿರುಗಳ ಜೊತೆಗೆ ಈ ಮೀನಿಗೆ ಎರಡು ಉದ್ದನೆಯ ಗಾಳಿಚೀಲಗಳಿವೆ. ಇವು ಕಿವಿರಿನ ಕೋಣೆಯಿಂದ ಹೊರಟು ಬೆನ್ನಿನ ಮಾಂಸದೊಳಗೆ ಬಾಲದ ಕಡೆಗೆ ಚಾಚಿವೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಕೆಳಗಿಳಿಯುತ್ತದೆ. ಆದುದರಿಂದಲೇ ಕಟ್ಲಾ, ರೋಹು ಸಾಯುವಂಥ ಪ್ರಾಣವಾಯು ಕಡಿಮೆಯಾದ ಹೊಂಡ, ಬಸಿಗಾಲುವೆ, ಜವಳು ತಗ್ಗುಗಳಲ್ಲಿ ಇದು ಬದುಕುತ್ತದೆ. ಬೇಸಗೆಯಲ್ಲಿ ನೀರು ಬತ್ತುತ್ತ ಬಂದರೆ ಹಸಿ ಕೆಸರಿನಲ್ಲಿ ಹುದುಗಿರುತ್ತದೆ. ಹೊಂಡ ಬರಿದಾಯಿತೆಂದು ಬರಿಗಾಲಲ್ಲಿ ಇಳಿಯುವುದು ಕ್ಷೇಮವಲ್ಲ.

ಹುಳು, ಕೀಟ, ಸಣ್ಣ ಸೀಗಡಿ, ಮೀನುಮರಿ ಇದರ ಆಹಾರ. ಸುಮಾರು ಒಂದು ವರ್ಷಕ್ಕೆ ಪ್ರೌಢವಾಗಿ, ಮಳೆಗಾಲದಲ್ಲಿ ಹೊಸನೀರು ಬಂದಾಗ ಆಳವಿಲ್ಲದ ಕಡೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ.

ಸಾಕಣೆಗಾರರಿಗೆ ಎರಡು ಮಾತು

ಮೊದಲನೆಯದು: ಗೆಂಡೆ ಜಾತಿಯ ಮರಿ ಸಾಕುವ ಹೊಂಡದಲ್ಲಿ ಚೇಳು ಮೀನು ಇರಕೂಡದು, ಅದು ಮರಿಗಳನ್ನು ತಿನ್ನುತ್ತದೆ. ಹೊಂಡವನ್ನು ಪೂರ್ತಿ ಒಣಗಿಸಿ. ಸಾಧ್ಯವಾಗದಿದ್ದರೆ ಮರಿ ಬಿಡುವ ಮೂರು ವಾರ ಮೊದಲು, ಒಂದು ಮೀಟರ್ ಆಳದ ನೀರಿಗೆ ಎಕರೆಗೆ ಸುಮಾರು 1000 ಕಿಲೋ ಹಿಪ್ಪೆ ಹಿಂಡಿ ಹಾಕಬಹುದು. ಆ ನೀರು ಹಳ್ಳಕ್ಕೆ ಹರಿಯಕೂಡದು, ದನಕರು ಕುಡಿಯಕೂಡದು.

ಎರಡನೆಯದು: ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ನಾಡಮೀನೆಂದು ನಂಬಿ ಕೊಳ್ಳಬೇಡಿ. ಅದರ ಸಾಕಣೆಯನ್ನು ಭಾರತ ಸರಕಾರ 2000ದಲ್ಲಿ ನಿಷೇಧಿಸಿದೆ. ಗುರುತು ಸುಲಭ: ಅದರ ಬೆನ್ನಿನ ರೆಕ್ಕೆ ಬಾಲದ ಬುಡದವರೆಗೆ ಉದ್ದವಾಗಿರುತ್ತದೆ, ಚೇಳು ಮೀನಿನದು ಚೋಟುದ್ದವೂ ಇಲ್ಲ.

ಮುಳ್ಳು ಚುಚ್ಚಿದರೆ

• ಗಾಯವನ್ನು ಶುದ್ಧ ನೀರಿನಿಂದ ತೊಳೆಯಿರಿ. ಮುರಿದ ಮುಳ್ಳು ಮೇಲೆಯೇ ಕಂಡರೆ ಚಿಮ್ಮಟದಿಂದ ತೆಗೆಯಿರಿ. ಆಳದಲ್ಲಿದ್ದರೆ ವೈದ್ಯರಿಗೆ ಬಿಡಿ.
• ಚುಚ್ಚಿದ ಭಾಗವನ್ನು ತಾಳಬಹುದಾದಷ್ಟು ಬಿಸಿನೀರಿನಲ್ಲಿ (ಸುಮಾರು 45 ಡಿಗ್ರಿ ಸೆಲ್ಸಿಯಸ್) 30ರಿಂದ 90 ನಿಮಿಷ ಇಡಿ. ಕಾವಿಗೆ ವಿಷದ ಶಕ್ತಿ ಕುಂದುತ್ತದೆ. ನೋವಿನಲ್ಲಿ ಬಿಸಿ ತಿಳಿಯದೆ ಚರ್ಮ ಸುಡಬಹುದು. ಮೊದಲು ಇನ್ನೊಂದು ಕೈಯಿಂದ ನೀರನ್ನು ಪರೀಕ್ಷಿಸಿ.
• ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು, ಸೆಗಣಿ ಮೆತ್ತುವುದು ಬೇಡ.
• ಧನುರ್ವಾಯು ಚುಚ್ಚುಮದ್ದಿಗಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಊತ ಏರಿದರೆ, ಕೀವಾದರೆ, ಉಸಿರು ಕಟ್ಟಿದರೆ ತಡಮಾಡಬೇಡಿ.

ಹಿಡಿಯುವಾಗ ಕೈಬಲೆ ಬಳಸಿ, ಕೈಮುಟ್ಟದೆ ಬಕೇಟಿಗೆ ಸುರಿಯಿರಿ. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ. ಅಡಿಗೆಗೆ ಮೊದಲು ಎರಡೂ ಮುಳ್ಳುಗಳನ್ನು ಬುಡಸಮೇತ ಕತ್ತರಿಸಿ ಹೂಳಿರಿ. ಮಾಂಸದಲ್ಲಿ ವಿಷವಿಲ್ಲ. ಬಂಗಾಳದಲ್ಲಿ ಇದನ್ನು ಜೀವಂತವಾಗಿಯೇ ಮಾರುತ್ತಾರೆ. ಕಾಯಿಲೆಯಿಂದ ಎದ್ದವರಿಗೆ ಇದರ ಸಾರು ಉಣಿಸುವ ರೂಢಿಯೂ ಅಲ್ಲಿದೆ.

ಮುಂದಿನ ಮಳೆಗಾಲದಲ್ಲಿ ಮಕ್ಕಳು ತಗ್ಗಿನ ನೀರಿಗೆ ಇಳಿಯುವ ಮುನ್ನ ಈ ಎರಡು ಮುಳ್ಳುಗಳ ಸಂಗತಿಯನ್ನು ಅವರಿಗೂ ತಿಳಿಸಿರಿ.