ಡೆಂಗ್ಯೂ: ಪಾಲಿಕೆಯ ಪಾಲು, ನಮ್ಮ ಪಾಲು

ಮಳೆಗಾಲ ಬಂತೆಂದರೆ ರಾಜಧಾನಿ ಬೆಂಗಳೂರಿನ ಕ್ಲಿನಿಕ್ಕುಗಳಲ್ಲಿ ಜ್ವರದವರ ಸಾಲು ಬೆಳೆಯುತ್ತದೆ. 'ಡಾಕ್ಟ್ರೇ, ಡೆಂಗ್ಯೂಗೆ ಇಂಜೆಕ್ಷನ್ ಇಲ್ಲವೇ?' ಎಂದು ಕೇಳುತ್ತೀರಿ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಸೊಳ್ಳೆಯನ್ನು ತಡೆಯುವುದೇ ದಾರಿ. ಅದು ವೈದ್ಯರೊಬ್ಬರ ಕೆಲಸವಲ್ಲ.

ಸಂವಿಧಾನದ 74ನೇ ತಿದ್ದುಪಡಿ (1992) ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿಗಳನ್ನು ಸೇರಿಸಿದೆ. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಹೆಸರು ಬದಲಾದರೂ ಬೀದಿಯ ಸ್ವಚ್ಛತೆ ಪಾಲಿಕೆಯ ಹೊಣೆಯೇ. ಕಸ ಕೊಳೆಯುತ್ತಿದ್ದರೆ, ಚರಂಡಿ ಕಟ್ಟಿ ನೀರು ನಿಂತಿದ್ದರೆ ನೆರೆಯವರೊಡನೆ ಸೇರಿ ಲಿಖಿತ ದೂರು ಕೊಡಿ. ಅದು ನಿಮ್ಮ ಹಕ್ಕು.

ಆದರೆ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತಲಿನ ತಿಳಿನೀರಿನಲ್ಲೇ ಹೆಚ್ಚಾಗಿ ಮೊಟ್ಟೆಯಿಡುತ್ತದೆ: ಮುಚ್ಚದ ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರು, ಎಳನೀರಿನ ಬುರುಡೆ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ಉಜ್ಜಿ ಒಣಗಿಸಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ವಿಧಿಸುವ ನಿಯಮ ತಂದಿತು.

ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಜ್ವರ ಇಳಿಯಿತೆಂದು ನಿಶ್ಚಿಂತರಾಗಲೂಬೇಡಿ. ಅಪಾಯದ ಹೊತ್ತು ಅದೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಅತಿಯಾದ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.